ಹಡೆದವರ ಹೆಸರು, ಸಾಕಿದವರ ಋಣ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹಾವೇರಿಯನ್ನು ದಾಟಿ ರಾಣೇಬೆನ್ನೂರಿನತ್ತ ಸಾಗುವವರಿಗೆ ಮೋಟೆಬೆನ್ನೂರು ಎದುರಾಗುತ್ತದೆ. ಬ್ಯಾಡಗಿಗೆ ಹೋಗುವ ದಾರಿ ಇಲ್ಲಿ ಕವಲೊಡೆಯುತ್ತದೆ. ಸುಗ್ಗಿಯ ದಿನಗಳಲ್ಲಿ ಮೆಣಸಿನಕಾಯಿ ಚೀಲಗಳನ್ನು ಹೊತ್ತ ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ. ಬ್ಯಾಡಗಿ ಮೆಣಸಿನಕಾಯಿಯ ಕಡುಗೆಂಪು ಬಣ್ಣ ಈ ನೆಲದ ಗುರುತು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಈ ಊರಿನ ಹೆಸರಿಲ್ಲದೆ ಆ ಕಾಯಿಗೆ ಬೆಲೆಯಿಲ್ಲ. ಆ ಕಾಯಿಯ ಹೆಸರಿಲ್ಲದೆ ಈ ಸೀಮೆಯನ್ನು ಯಾರೂ ಪರಿಚಯಿಸುವುದಿಲ್ಲ.

ಆದರೆ ಮೆಣಸಿನಕಾಯಿ ಈ ನೆಲದಲ್ಲಿ ಹುಟ್ಟಿದ ಬೆಳೆಯಲ್ಲ. ಅದರ ತವರು ಅಮೆರಿಕ ಖಂಡ. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳ ಮೂಲಕ ಅದು ಗೋವೆಯ ದಂಡೆಗೆ ಬಂದಿತು. ಅಲ್ಲಿಂದ ಘಟ್ಟ ಹತ್ತಿ ಬಯಲುಸೀಮೆಯ ಕಪ್ಪುಮಣ್ಣಿನಲ್ಲಿ ಬೇರುಬಿಟ್ಟಿತು. ಇಂದು ಅದನ್ನು ಪರದೇಶಿ ಎಂದು ಕರೆಯುವವರು ಒಬ್ಬರೂ ಇಲ್ಲ. ಹುಟ್ಟಿದ್ದು ಒಂದು ಕಡೆ, ಬೆಳೆದು ಹೆಸರಾದದ್ದು ಇನ್ನೊಂದು ಕಡೆ ಎಂಬ ಕಾರಣಕ್ಕೆ ಅದರ ಮರ್ಯಾದೆಗೆ ಯಾವ ಕುಂದೂ ಬಂದಿಲ್ಲ.

ಬೆಳೆಯ ಮಟ್ಟಿಗೆ ಇಷ್ಟು ಸುಲಭವಾಗಿ ಒಪ್ಪಿಕೊಳ್ಳುವ ಈ ಮಾತನ್ನು ಮನುಷ್ಯರ ಮಟ್ಟಿಗೆ ಒಪ್ಪಿಕೊಳ್ಳುವುದು ನಮಗೆ ಕಷ್ಟವಾಗುತ್ತದೆ. ನಮ್ಮ ಮಕ್ಕಳು ಶಾಲೆಯ ಅರ್ಜಿಯಲ್ಲಿ 'ಮಾತೃಭಾಷೆ' ಎಂಬ ಕಲಂ ಎದುರು ತಡವರಿಸುತ್ತಾರೆ. ಮನೆಯಲ್ಲಿ ದಖ್ಖನಿ, ಓಣಿಯಲ್ಲಿ ಕನ್ನಡ, ಮದ್ರಸದಲ್ಲಿ ಅರಬೀ ಅಕ್ಷರ. ಯಾವುದನ್ನು ಬರೆಯಬೇಕು? ಈ ತಡವರಿಕೆಯ ನಡುವೆ ನಮ್ಮ ಕುಟುಂಬಗಳಲ್ಲಿ ಎರಡು ಬಗೆಯ ತಪ್ಪುಗಳು ನಡೆಯುತ್ತವೆ. ಕೆಲವರು ತಮ್ಮ ಅಜ್ಜ ಮುತ್ತಜ್ಜಂದಿರು ಇದೇ ಮಣ್ಣಿನವರೆಂಬುದನ್ನು ಮುಚ್ಚಿಟ್ಟು, ದೂರದ ಅರೇಬಿಯಾದ ಅಥವಾ ಇರಾನಿನ ಯಾವುದೋ ವಂಶವೃಕ್ಷವನ್ನು ತಮ್ಮದೆಂದು ಹೇಳಿಕೊಳ್ಳುತ್ತಾರೆ. ಇನ್ನು ಕೆಲವರು ಸುತ್ತಲಿನವರಿಗೆ ಒಪ್ಪಿತವಾಗಲೆಂದು ತಮ್ಮ ಹೆಸರನ್ನೂ ಸಲಾಮನ್ನೂ ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಎರಡರ ಮೂಲವೂ ಒಂದೇ. ಎರಡು ಮನೆಗಳ ಋಣವನ್ನು ಒಬ್ಬನೇ ಹೊತ್ತು ತಲೆಯೆತ್ತಿ ನಡೆಯಬಹುದೆಂಬ ನಂಬಿಕೆ ನಮಗಿಲ್ಲ. ಈ ವಿಷಯದಲ್ಲಿ ನಮ್ಮ ದೀನ್ ಏನು ಹೇಳುತ್ತದೆ, ನಮ್ಮ ನಾಡಿನ ಇತಿಹಾಸ ಏನು ಹೇಳುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ಪ್ರವಾದಿಯವರ(ಸ) ಸಾಕುಮನೆ

ನಮ್ಮ ಪ್ರವಾದಿ ಮುಹಮ್ಮದರು(ಸ) ಸ್ವತಃ ಹಲವು ಕೈಗಳಲ್ಲಿ ಬೆಳೆದವರು. ಹುಟ್ಟುವ ಮುನ್ನವೇ ತಂದೆ ಅಬ್ದುಲ್ಲಾಹರನ್ನು ಕಳೆದುಕೊಂಡ ಶಿಶುವಿಗೆ ಮರುಭೂಮಿಯ ಬನೂ ಸಅದ್ ಗೋತ್ರದ ಹಲೀಮಾ ಹಾಲುಣಿಸಿದರು. ಆರರ ಪ್ರಾಯದಲ್ಲಿ ತಾಯಿ ಆಮಿನಾ ಅಬ್ವಾ ಎಂಬಲ್ಲಿ ತೀರಿಕೊಂಡಾಗ, ಅಬಿಸೀನಿಯಾ ಮೂಲದ ಉಮ್ಮು ಐಮನ್(ರ) ಆ ಅನಾಥ ಬಾಲಕನನ್ನು ಮಕ್ಕಾಕ್ಕೆ ಕರೆತಂದರು. ಮುಂದೆ ಅಜ್ಜ ಅಬ್ದುಲ್ ಮುತ್ತಲಿಬ್, ಅವರ ಬಳಿಕ ದೊಡ್ಡಪ್ಪ ಅಬೂ ತಾಲಿಬ್ ಸಾಕಿದರು. ಪ್ರವಾದಿಯವರು(ಸ) ಉಮ್ಮು ಐಮನ್‌ರನ್ನು ತಮ್ಮ ತಾಯಿಯ ನಂತರದ ತಾಯಿ ಎಂದು ಆದರಿಸುತ್ತಿದ್ದರು.

ಸೀರಾ ಗ್ರಂಥಗಳಲ್ಲಿ ಬರುವ ಒಂದು ವರದಿ ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. ತಮ್ಮ ಭಾಷೆಯ ಶುದ್ಧತೆಯ ಮಾತು ಬಂದಾಗ ಪ್ರವಾದಿಯವರು(ಸ) ಅದಕ್ಕೆ ಎರಡು ಕಾರಣಗಳನ್ನು ಒಟ್ಟಿಗೆ ಹೇಳಿದರಂತೆ: ತಾವು ಕುರೈಶ್ ವಂಶದವರು, ಜೊತೆಗೆ ಬನೂ ಸಅದ್‌ನಲ್ಲಿ ಹಾಲುಂಡು ಬೆಳೆದವರು. ಹುಟ್ಟಿದ ಮನೆಯನ್ನು ಹೇಳುವಾಗ ಸಾಕಿದ ಮನೆಯನ್ನು ಅವರು ಬಿಡಲಿಲ್ಲ. ನಾಲಿಗೆಗೆ ಮಾತು ಕೊಟ್ಟವರಲ್ಲಿ ಸಾಕಿದವರೂ ಸೇರಿದ್ದಾರೆಂದು ಒಪ್ಪಿಕೊಂಡರು.

ಇದು ಕೇವಲ ಮಾತಾಗಿ ಉಳಿಯಲಿಲ್ಲ. ಹಿಜರಿ 8ರಲ್ಲಿ ಹುನೈನ್ ಯುದ್ಧದ ಬಳಿಕ ಹವಾಝಿನ್ ಗೋತ್ರದ ಸುಮಾರು 6,000 ಮಂದಿ ಸೆರೆಯಾದರು. ಬನೂ ಸಅದ್ ಆ ಹವಾಝಿನ್‌ನದೇ ಒಂದು ಶಾಖೆ. ಸೆರೆಯಾದವರ ನಡುವಿನಿಂದ ಒಬ್ಬ ಮಹಿಳೆ, ತಾನು ಪ್ರವಾದಿಯವರ(ಸ) ಹಾಲಿನ ಅಕ್ಕ ಶೈಮಾ ಎಂದಳು. ಗುರುತಾಗಿ ಬಾಲ್ಯದಲ್ಲಿ ಅವರು ಕಚ್ಚಿದ್ದ ಗಾಯದ ಕಲೆಯನ್ನು ತೋರಿಸಿದಳು. ಪ್ರವಾದಿಯವರು(ಸ) ತಮ್ಮ ಮೇಲುಹೊದಿಕೆಯನ್ನು ಹಾಸಿ ಆಕೆಯನ್ನು ಅದರ ಮೇಲೆ ಕೂರಿಸಿದರು. ಬಳಿಕ ಹವಾಝಿನ್‌ನ ನಿಯೋಗ ಬಂದು, ಈ ಸೆರೆಯಾಳುಗಳಲ್ಲಿ ತಮ್ಮನ್ನು ಎತ್ತಿ ಆಡಿಸಿದ ಸಾಕುಬಂಧುಗಳಿದ್ದಾರೆ ಎಂದು ನೆನಪಿಸಿದಾಗ, ಆ ಸಾವಿರಾರು ಮಂದಿಗೆ ಬಿಡುಗಡೆ ದೊರೆಯಿತು. ಸುಮಾರು 60 ವರ್ಷಗಳ ಹಿಂದಿನ ಹಾಲಿನ ಋಣವದು. ಅದನ್ನು ತೀರಿಸುವಾಗ ಸಾಕಿದ ಗೋತ್ರ ಎದುರಾಳಿಯ ಪಾಳೆಯದಲ್ಲಿತ್ತು ಎಂಬುದು ಅಡ್ಡಿಯಾಗಲಿಲ್ಲ.

ಝೈದ್(ರ) ಮತ್ತು ಉಸಾಮಾ(ರ)

ದತ್ತು ಎಂಬ ವಿಷಯವನ್ನು ಕುರ್‌ಆನ್ ನೇರವಾಗಿ ಎತ್ತಿಕೊಂಡದ್ದು ಹಝ್ರತ್ ಝೈದ್ ಬಿನ್ ಹಾರಿಸಾರ(ರ) ಸಂದರ್ಭದಲ್ಲಿ. ಕಲ್ಬ್ ಗೋತ್ರದ ಈ ಬಾಲಕನನ್ನು ದರೋಡೆಕೋರರು ಅಪಹರಿಸಿ ಉಕಾಝ್ ಸಂತೆಯಲ್ಲಿ ಮಾರಿದರು. ಹಕೀಮ್ ಬಿನ್ ಹಿಝಾಮ್ ಆತನನ್ನು ಕೊಂಡು ತಮ್ಮ ಸೋದರತ್ತೆ ಖದೀಜಾರಿಗೆ(ರ) ಕೊಟ್ಟರು. ಅವರು ಪತಿಗೆ ಉಡುಗೊರೆಯಾಗಿ ನೀಡಿದರು. ವರ್ಷಗಳ ಬಳಿಕ ಮಗನನ್ನು ಹುಡುಕುತ್ತ ತಂದೆ ಹಾರಿಸಾ ಹಾಗೂ ಚಿಕ್ಕಪ್ಪ ಮಕ್ಕಾಕ್ಕೆ ಬಂದು, ಎಷ್ಟು ಹಣವಾದರೂ ಕೊಡಲು ಸಿದ್ಧರಾದರು. ಹಣ ಬೇಡ, ಆಯ್ಕೆ ಝೈದ್‌ಗೆ ಸೇರಿದ್ದು ಎಂಬ ಉತ್ತರ ಬಂದಿತು. ಝೈದ್ ತಾವು ಬೆಳೆದ ಮನೆಯನ್ನೇ ಆರಿಸಿಕೊಂಡರು. ಆಗ ಮುಹಮ್ಮದರು(ಸ) ಕಅಬಾದ ಬಳಿ ಜನರ ಮುಂದೆ ಆತ ತನ್ನ ಮಗನೆಂದು ಸಾರಿದರು. ಇದು ಪ್ರವಾದಿತ್ವಕ್ಕೆ ಮುಂಚಿನ ಘಟನೆ. ಮಗ ಎಲ್ಲಿ ಸುಖವಾಗಿದ್ದಾನೆಂಬುದನ್ನು ಕಣ್ಣಾರೆ ಕಂಡ ತಂದೆ ಸಮಾಧಾನದಿಂದ ಹಿಂದಿರುಗಿದರು.

ಅಂದಿನಿಂದ ಜನ ಅವರನ್ನು 'ಝೈದ್ ಬಿನ್ ಮುಹಮ್ಮದ್' ಎಂದೇ ಕರೆಯತೊಡಗಿದರು. ಮದೀನಾದಲ್ಲಿ ಸೂರಾ ಅಲ್ ಅಹ್‌ಝಾಬ್‌ನ ವಚನಗಳು (33: 4–5) ಅವತೀರ್ಣವಾದಾಗ ಆ ರೂಢಿ ನಿಂತಿತು. ಸಾಕುಮಕ್ಕಳನ್ನು ಅವರ ನಿಜವಾದ ತಂದೆಯ ಹೆಸರಿನಿಂದಲೇ ಕರೆಯಬೇಕು, ತಂದೆ ಯಾರೆಂದು ತಿಳಿಯದಿದ್ದರೆ ಅವರು ದೀನ್‌ನಲ್ಲಿ ನಿಮ್ಮ ಸಹೋದರರು ಹಾಗೂ ಆಪ್ತರು ಎಂಬುದು ಅಲ್ಲಿನ ಆದೇಶ.

ಈ ಆದೇಶವನ್ನು ಕೇಳಿದ ಅನೇಕರು, ಇಸ್ಲಾಮ್ ಸಾಕುಮಕ್ಕಳನ್ನು ದೂರವಿರಿಸಿತು ಎಂದು ತಪ್ಪಾಗಿ ತಿಳಿಯುತ್ತಾರೆ. ಮುಂದೆ ನಡೆದದ್ದನ್ನು ನೋಡಿದರೆ ಈ ಶಂಕೆ ನಿಲ್ಲುವುದಿಲ್ಲ. ಬದಲಾದದ್ದು ಕರೆಯುವ ಹೆಸರು ಮತ್ತು ವಂಶಕ್ಕೆ ಸೇರಿದ ನಿಯಮಗಳು ಮಾತ್ರ. ಪ್ರೀತಿಯಾಗಲಿ ನಂಬಿಕೆಯಾಗಲಿ ಬದಲಾಗಲಿಲ್ಲ. ಕುರ್‌ಆನ್‌ನಲ್ಲಿ ಹೆಸರು ಹಿಡಿದು ಉಲ್ಲೇಖಿಸಲಾದ ಏಕೈಕ ಸಹಾಬಿ ಝೈದ್(ರ) (33: 37). ಅವರು ಹಲವು ಸೇನೆಗಳ ನಾಯಕರಾಗಿ, ಹಿಜರಿ 8ರಲ್ಲಿ ಮುಅತಾ ಯುದ್ಧದಲ್ಲಿ ಧ್ವಜ ಹಿಡಿದೇ ಹುತಾತ್ಮರಾದರು. ಹಡೆದ ತಂದೆಯ ಹೆಸರು ಅವರಿಗೆ ಮರಳಿ ದೊರೆಯಿತು; ಸಾಕಿದ ತಂದೆಯ ಪ್ರೀತಿಯೂ ಉಳಿಯಿತು.

ಅವರ ಮಗ ಉಸಾಮಾ(ರ). ತಂದೆ ಅರಬ್ ಕಲ್ಬ್ ಗೋತ್ರದವರು, ತಾಯಿ ಅಬಿಸೀನಿಯಾ ಮೂಲದ ಅದೇ ಉಮ್ಮು ಐಮನ್(ರ), ಬೆಳೆದದ್ದು ಪ್ರವಾದಿಯವರ(ಸ) ಅಂಗಳದಲ್ಲಿ. ತಂದೆಯ ಬಣ್ಣ ಬಿಳಿ, ಮಗನ ಬಣ್ಣ ಕಪ್ಪು. ಜನರ ನಾಲಿಗೆ ಸುಮ್ಮನಿರಲಿಲ್ಲ. ಒಮ್ಮೆ ತಂದೆ ಮಗ ಇಬ್ಬರೂ ಮುಖ ಮುಚ್ಚಿ ಮಲಗಿದ್ದಾಗ, ಅಂಗಲಕ್ಷಣ ಬಲ್ಲ ಒಬ್ಬ ಅರಬನು ಹೊರಗೆ ಕಂಡ ಪಾದಗಳನ್ನಷ್ಟೇ ನೋಡಿ ಇವು ಒಂದೇ ರಕ್ತದ ಪಾದಗಳೆಂದನು. ಅದನ್ನು ಕೇಳಿ ಪ್ರವಾದಿಯವರ(ಸ) ಮುಖ ಸಂತೋಷದಿಂದ ಬೆಳಗಿತೆಂದು ಹಝ್ರತ್ ಆಯಿಶಾ(ರ) ವರದಿ ಮಾಡಿದ್ದಾರೆ. ಮಿಶ್ರ ಮೂಲದ ಮಗುವಿನ ಮೇಲೆ ಸಮಾಜ ಹೊರಿಸುವ ಸಂಶಯ ಎಷ್ಟು ಭಾರವಾದದ್ದು, ಅದನ್ನು ಅವರು ಎಷ್ಟು ಅರಿತಿದ್ದರು ಎಂಬುದಕ್ಕೆ ಈ ಸಂತೋಷವೇ ಸಾಕ್ಷಿ.

ಹಿಜರಿ 11ರಲ್ಲಿ, ಇಪ್ಪತ್ತನ್ನೂ ದಾಟದ ಉಸಾಮಾರನ್ನು ಹಿರಿಯ ಸಹಾಬಿಗಳಿದ್ದ ಸೇನೆಗೆ ನಾಯಕರನ್ನಾಗಿ ನೇಮಿಸಲಾಯಿತು. ಆಕ್ಷೇಪ ಕೇಳಿಬಂದಾಗ ಪ್ರವಾದಿಯವರು(ಸ), ಈತನ ತಂದೆಯ ನಾಯಕತ್ವಕ್ಕೂ ಜನ ಹೀಗೆಯೇ ಆಕ್ಷೇಪಿಸಿದ್ದರು, ಆದರೆ ಇಬ್ಬರೂ ಅದಕ್ಕೆ ಅರ್ಹರೇ ಎಂದು ಸ್ಪಷ್ಟಪಡಿಸಿದರು. ಅವರ ವಿಯೋಗದ ನಂತರ ಖಲೀಫ ಅಬೂಬಕರ್(ರ) ಆ ಸೇನೆಯನ್ನು ಬೀಳ್ಕೊಟ್ಟರು. ಉಸಾಮಾ ವಾಹನದ ಮೇಲಿದ್ದರು, ಖಲೀಫರು ಪಕ್ಕದಲ್ಲಿ ಕಾಲ್ನಡಿಗೆಯಲ್ಲಿ ಸಾಗಿದರು. ಮುಂದೆ ಹಝ್ರತ್ ಉಮರ್(ರ) ವೇತನ ನಿಗದಿಪಡಿಸುವಾಗ ಉಸಾಮಾಗೆ 3,500, ತಮ್ಮ ಸ್ವಂತ ಮಗ ಅಬ್ದುಲ್ಲಾಹರಿಗೆ 3,000 ಎಂದು ಬರೆಸಿದರು.

ಬಿಜಾಪುರದ ಸಾಕುತಾಯಿ

ಇವು ಅರೇಬಿಯಾದ ಮಾತಾದವು. ನಮ್ಮ ಕನ್ನಡ ನಾಡಿನಲ್ಲಿಯೂ ಇಂತಹ ಒಂದು ಮನೆಯಿತ್ತು. ಅದು ಅರಮನೆಯಾಗಿತ್ತು ಎಂಬುದಷ್ಟೇ ವ್ಯತ್ಯಾಸ.

ಬಿಜಾಪುರದ ಆದಿಲ್‌ಶಾಹಿ ಮನೆತನವನ್ನು 15ನೆಯ ಶತಮಾನದ ಕೊನೆಯಲ್ಲಿ ಸ್ಥಾಪಿಸಿದ ಯೂಸುಫ್ ಆದಿಲ್ ಖಾನ್ ಹೊರನಾಡಿನಿಂದ ಬಂದವನು. ಆತನ ಪತ್ನಿ ಮರಾಠಾ ನಾಯಕ ಮುಕುಂದರಾಯನ ಸಹೋದರಿ ಎಂದು ಬಿಜಾಪುರದಲ್ಲಿಯೇ ಬಾಳಿದ ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. 1510ರಲ್ಲಿ ಯೂಸುಫ್ ತೀರಿಕೊಂಡಾಗ ಎಳೆಯ ಮಗ ಇಸ್ಮಾಯೀಲನ ಸಿಂಹಾಸನವನ್ನು ಕಿತ್ತುಕೊಳ್ಳಲು ನಡೆದ ಒಳಸಂಚನ್ನು ಆ ತಾಯಿ ಎದುರಿಸಿದಳು. ಪತಿಯ ಬಂಧುವಾದ ದಿಲ್‌ಶಾದ್ ಆಗಾ ಆಕೆಯ ಜೊತೆ ನಿಂತಳು. ಒಬ್ಬಳು ಈ ನೆಲದ ಮಗಳು, ಇನ್ನೊಬ್ಬಳು ಹೊರನಾಡಿನವಳು. ಆದಿಲ್‌ಶಾಹಿ ವಂಶ ಮುಂದುವರಿದದ್ದು ಈ ಇಬ್ಬರ ಕೂಡಿದ ಬಲದಿಂದ.

ಎರಡು ತಲೆಮಾರುಗಳ ನಂತರ ಅದೇ ಮನೆಯಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಒಂದನೆಯ ಅಲಿ ಆದಿಲ್‌ಶಾಹನಿಗೆ ಮಕ್ಕಳಿರಲಿಲ್ಲ. 1580ರಲ್ಲಿ ಆತ ಕೊಲೆಯಾದಾಗ, ತಮ್ಮ ತಹಮಾಸ್ಪನ ಮಗ, ಒಂಬತ್ತು ವರ್ಷದ ಇಬ್ರಾಹೀಮ್ ಪಟ್ಟಕ್ಕೆ ಬಂದನು. ಆ ಮಗುವಿಗೆ ಆಸರೆಯಾದವಳು ಅಲಿಯ ವಿಧವೆ ಚಾಂದ್ ಬೀಬಿ. ಆಕೆ ಅಹ್ಮದ್‌ನಗರದ ನಿಜಾಮ್‌ಶಾಹಿ ಮನೆತನದ ಮಗಳು. ಅರಬೀ, ಪಾರಸಿ, ತುರ್ಕಿಗಳ ಜೊತೆಗೆ ಮರಾಠಿಯನ್ನೂ ಕನ್ನಡವನ್ನೂ ಬಲ್ಲವಳೆಂದು ಹೆಸರಾದವಳು. ಹಡೆಯದ ಮಗುವಿಗಾಗಿ ಆಕೆ ಪಟ್ಟ ಪಾಡು ಸಣ್ಣದಲ್ಲ. ಅಧಿಕಾರದ ದಾಹದ ಸರದಾರನೊಬ್ಬ ಆಕೆಯನ್ನು ಸಾತಾರದ ಕೋಟೆಯಲ್ಲಿ ಸೆರೆಯಿಟ್ಟನು. ಹಬಶಿ ಮೂಲದ ಇಖ್ಲಾಸ್ ಖಾನನ ಪಕ್ಷ ಮೇಲುಗೈ ಪಡೆದಾಗ ಆಕೆಗೆ ಬಿಡುಗಡೆಯಾಯಿತು. ಮುಂದೆ ಆಕೆ ತವರಾದ ಅಹ್ಮದ್‌ನಗರಕ್ಕೆ ಮರಳಿ, 1595–96ರಲ್ಲಿ ಮೊಗಲರ ಮುತ್ತಿಗೆಯ ಎದುರು ಆ ಕೋಟೆಯನ್ನು ಕಾದಳು. ಒಡೆದ ಗೋಡೆಯನ್ನು ರಾತ್ರೋರಾತ್ರಿ ಕಟ್ಟಿಸಿದ ಆಕೆಯ ಧೈರ್ಯ ಇಂದಿಗೂ ಮಾತಾಗಿದೆ. ಆ ಸಂಕಟದ ದಿನಗಳಲ್ಲಿ ನೆರವಿಗೆ ಸೇನೆ ಕಳುಹಿಸಿದವನು ಆಕೆ ಸಾಕಿದ ಅದೇ ಇಬ್ರಾಹೀಮ್.

ಎರಡನೆಯ ಇಬ್ರಾಹೀಮ್ ಆದಿಲ್‌ಶಾಹ 1627ರವರೆಗೆ ಆಳಿದನು. ಪಾರಸಿಯ ಪ್ರತಿಷ್ಠೆಯ ಕಾಲದಲ್ಲಿ ಆತ ತನ್ನ 'ಕಿತಾಬೆ ನೌರಸ್' ಅನ್ನು ಈ ನೆಲದ ದಖ್ಖನಿಯಲ್ಲಿ ಬರೆದನು. ಸಂಗೀತಗಾರರನ್ನೂ ಚಿತ್ರಕಾರರನ್ನೂ ವಿದ್ವಾಂಸರನ್ನೂ ಪೋಷಿಸಿದನು. ಬಿಜಾಪುರದ ಇಬ್ರಾಹೀಮ್ ರೋಜಾ ಆತನ ಕಾಲದ ಕಟ್ಟಡ. ಜನ ಆತನನ್ನು ಜಗದ್ಗುರು ಎಂದು ಕರೆದರು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಇಬ್ರಾಹೀಮನ ಗೀತೆಗಳಲ್ಲಿ ಸರಸ್ವತಿಯ ಸ್ತುತಿಯೂ ಇದೆ. ತೌಹೀದ್‌ನಲ್ಲಿ ವಿಶ್ವಾಸವಿಟ್ಟವರು ಅದನ್ನು ಮಾದರಿಯಾಗಿ ಸ್ವೀಕರಿಸುವುದು ಸಾಧ್ಯವಿಲ್ಲ. ಹಾಗಾದರೆ ಸಾಕಿದ ನೆಲದ ಸಂಸ್ಕೃತಿಯನ್ನು ಎಲ್ಲಿಯವರೆಗೆ ಒಪ್ಪಬೇಕು? ಸೂರಾ ಲುಕ್ಮಾನ್‌ನ 15ನೆಯ ವಚನ ಇದಕ್ಕೆ ಅಳತೆಗೋಲು. ತಂದೆತಾಯಿಗಳೇ ಶಿರ್ಕ್‌ಗೆ ಒತ್ತಾಯಿಸಿದರೂ ಆ ವಿಷಯದಲ್ಲಿ ಅವರನ್ನು ಅನುಸರಿಸಬಾರದು, ಆದರೆ ಲೋಕದ ಬಾಳಿನಲ್ಲಿ ಅವರೊಂದಿಗೆ ಒಳ್ಳೆಯ ರೀತಿಯಲ್ಲಿ ಬಾಳಬೇಕು ಎಂದು ಅದು ಕಲಿಸುತ್ತದೆ. ಆರಾಧನೆ ಅಲ್ಲಾಹನಿಗೆ ಮಾತ್ರ. ಆದರೆ ಭಾಷೆ, ಊಟ, ಉಡುಗೆ, ಕಸುಬು, ನೆರೆಹೊರೆಯ ಸೌಜನ್ಯ, ಹಿರಿಯರ ಮೇಲಿನ ಗೌರವ ಇವೆಲ್ಲ ಒಳ್ಳೆಯ ಬಾಳಿಗೆ ಸೇರಿದವು. ಅಕೀದಾದ ಹೆಸರಿನಲ್ಲಿ ಇವನ್ನೂ ತೊರೆಯಬೇಕೆಂದು ದೀನ್ ಎಲ್ಲಿಯೂ ಕೇಳಿಲ್ಲ.

ನಮ್ಮ ಸೀಮೆಯ ಋಣ

1570ರ ದಶಕದಲ್ಲಿ ಬಂಕಾಪುರ ಬಿಜಾಪುರದ ವಶವಾಯಿತು. ಮುಂದೆ ಸವಣೂರಿನಲ್ಲಿ ಅಫ್ಘನ್ ಮೂಲದ ಮಿಯಾನಾ ನವಾಬರು ನೆಲೆನಿಂತರು; ಅವರ ಸಂಸ್ಥಾನ 1948ರಲ್ಲಿ ಭಾರತ ಒಕ್ಕೂಟದಲ್ಲಿ ವಿಲೀನವಾಯಿತು. ಈ ದೀರ್ಘ ಕಾಲದಲ್ಲಿ ಈ ಸೀಮೆಯ ಮನೆಗಳಲ್ಲಿ ನಡೆದದ್ದು ಕೊಡುಕೊಳೆ. ನಮ್ಮ ಮನೆಯ ದಖ್ಖನಿಯಲ್ಲಿ 'ಬೇಡ' ಎನ್ನಲು ನಾವು ಬಳಸುವ 'ನಕ್ಕೋ' ಮರಾಠಿಯಿಂದ ಬಂದದ್ದು. ಇತ್ತ ಕನ್ನಡ ತಾಯಿಯೂ ಅರಬೀ, ಪಾರಸಿಗಳ ಮಕ್ಕಳನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ತಾಲ್ಲೂಕು, ಜಿಲ್ಲೆ, ಅರ್ಜಿ, ಹಾಜರಿ, ಕಾನೂನು, ವಕೀಲ ಎಲ್ಲವೂ ಅಲ್ಲಿಂದ ಬಂದ ಪದಗಳೇ. ಕನ್ನಡಿಗರು ಅನ್ನದಾತನೆಂದು ಕರೆಯುವ 'ರೈತ' ಎಂಬ ಪದದ ಮೂಲವೂ ಅರಬೀ. ಮೋಟೆಬೆನ್ನೂರಿನ ರೈತ ಬ್ಯಾಡಗಿ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟನೆಂದು ಹೇಳುವಾಗ, ಎಷ್ಟು ಪದಗಳು ಸಾಕುಮಕ್ಕಳು ಎಂದು ಯಾರೂ ಎಣಿಸುವುದಿಲ್ಲ.

ಹಾವೇರಿಯನ್ನು ಏಲಕ್ಕಿ ಕಂಪಿನ ನಗರವೆನ್ನುತ್ತಾರೆ. ಏಲಕ್ಕಿ ಬೆಳೆಯುವುದು ಮಲೆನಾಡಿನಲ್ಲಿ. ಅದನ್ನು ಸಂಸ್ಕರಿಸುವ ಕಸುಬಿನಿಂದ ಹಾವೇರಿ ಹೆಸರಾಯಿತು. ನಾಡಿನ ಗಣ್ಯರ ಕೊರಳಿಗೆ ಬೀಳುವ ಹಾವೇರಿಯ ಏಲಕ್ಕಿ ಹಾರವನ್ನು ತಲೆಮಾರುಗಳಿಂದ ಪೋಣಿಸುತ್ತ ಬಂದದ್ದು ಮುಸ್ಲಿಮ್ ಪಟವೇಗಾರ ಮನೆತನ. ಇದೇ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ 1819ರಲ್ಲಿ ಇಮಾಮ್ ಸಾಹೇಬರ ಮಗನಾಗಿ ಹುಟ್ಟಿದ ಶರೀಫರು ಶಾಲಾ ಮಾಸ್ತರರಾಗಿ, ಕಳಸದ ಗೋವಿಂದಭಟ್ಟರ ಶಿಷ್ಯರಾಗಿ, ಅಚ್ಚ ಕನ್ನಡದ ತತ್ವಪದಗಳನ್ನು ಹಾಡಿ 1889ರಲ್ಲಿ ತೀರಿಕೊಂಡರು. ಅವರ ಮಾರ್ಗದ ಎಲ್ಲ ಸಂಗತಿಗಳೂ ನಮ್ಮ ಅಕೀದಾಕ್ಕೆ ಹೊಂದುವುದಿಲ್ಲವೆಂದು ನಮ್ಮಲ್ಲಿ ಹೇಳುವವರಿದ್ದಾರೆ. ಆದರೂ ಹಳ್ಳಿಯ ಮುಸ್ಲಿಮ್ ಮನೆಯ ನಾಲಿಗೆಯಲ್ಲಿ ಕನ್ನಡ ಎಷ್ಟು ಸಹಜವಾಗಿತ್ತು ಎಂಬುದಕ್ಕೆ ಅವರಿಗಿಂತ ದೊಡ್ಡ ಸಾಕ್ಷಿ ಬೇಡ.

ಮೋಟೆಬೆನ್ನೂರಿಗೇ ಬರೋಣ. 1911ರಲ್ಲಿ ಇಲ್ಲಿ ಹುಟ್ಟಿದ ಮೈಲಾರ ಮಹದೇವಪ್ಪನವರು 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಂದಿಗೆ ನಡೆದ ಕನ್ನಡಿಗರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಇಬ್ಬರು ಸಂಗಾತಿಗಳೊಂದಿಗೆ ಗುಂಡಿಗೆ ಬಲಿಯಾದರು. ನಮಗೂ ಅವರಿಗೂ ರಕ್ತದ ನಂಟಿಲ್ಲ, ಧರ್ಮವೂ ಬೇರೆ. ಆದರೂ ಈ ಊರಿನ ನೀರು ಕುಡಿದ ಪ್ರತಿ ಮುಸ್ಲಿಮ್ ಮಗುವಿಗೂ ಅವರು ಊರಿನ ಹಿರಿಯರು. ಬದ್ರ್‌ನ ಸಹಾಬಿಗಳ ಹೆಸರು ಕಲಿಯುವ ಮಗು ಮಹದೇವಪ್ಪನವರ ಹೆಸರನ್ನೂ ಕಲಿತರೆ ಅದರ ಈಮಾನ್‌ಗೆ ಯಾವ ಕೊರತೆಯೂ ಆಗದು. ಜುಲುಮಿನ ಎದುರು ನಿಂತವರನ್ನು ಗೌರವಿಸುವುದು ನಮ್ಮ ದೀನ್ ಕಲಿಸಿದ ಪಾಠವೇ.

ಈ ನಂಟಿನಲ್ಲಿ ನೋವಿನ ಗಳಿಗೆಗಳೂ ಇವೆ. 2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ, ಮುಸ್ಲಿಮ್ ಬರಹಗಾರರಿಗೆ ತಕ್ಕ ಸ್ಥಾನ ಸಿಗಲಿಲ್ಲವೆಂಬ ಅಸಮಾಧಾನ ಎದ್ದು, 8ರಂದು ಬೆಂಗಳೂರಿನಲ್ಲಿ ಜನಸಾಹಿತ್ಯ ಸಮ್ಮೇಳನ ನಡೆಯಿತು. ಅಲ್ಲಿ ಸೇರಿದವರಲ್ಲಿ ಮುಸ್ಲಿಮೇತರ ಕನ್ನಡಿಗರೂ ಇದ್ದರು ಎಂಬುದನ್ನು ನಾವು ಮರೆಯಬಾರದು. ಕೆ. ಎಸ್. ನಿಸಾರ್ ಅಹಮದ್ ಅವರು ಶಿವಮೊಗ್ಗದ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಮನೆಯಲ್ಲಿ ಉರ್ದು ಕೇಳಿ ಬೆಳೆದು ಶಾಲೆಯಲ್ಲಿ ಕನ್ನಡ ಕಲಿತ ಬಾನು ಮುಷ್ತಾಕ್ ಅವರು 2025ರಲ್ಲಿ ಕನ್ನಡದ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ತಂದರು. ಸಾಕುತಾಯಿಯ ಮನೆಯಲ್ಲಿ ಕೆಲವೊಮ್ಮೆ ದಾಯಾದಿಗಳ ಚುಚ್ಚುಮಾತು ಕೇಳಬೇಕಾಗುತ್ತದೆ. ಅಷ್ಟಕ್ಕೇ ತಾಯಿಯನ್ನು ತೊರೆದು ಹೋದರೆ ಚುಚ್ಚಿದವರ ಮಾತೇ ನಿಜವಾದಂತೆ ಆಗುತ್ತದೆ.

ಮನೆಗಳಲ್ಲಿ ನಾವು ಮಾಡಬೇಕಾದದ್ದು

ಮೊದಲನೆಯದಾಗಿ, ಮಕ್ಕಳಿಗೆ ಮನೆತನದ ನಿಜವನ್ನು ಹೇಳೋಣ. ಮುತ್ತಜ್ಜ ನೇಕಾರನಾಗಿದ್ದರೂ, ಪಿಂಜಾರನಾಗಿದ್ದರೂ, ಇಲ್ಲಿಯ ಒಕ್ಕಲಿಗನಾಗಿದ್ದು ಇಸ್ಲಾಮ್ ಸ್ವೀಕರಿಸಿದವನಾಗಿದ್ದರೂ ಅದರಲ್ಲಿ ನಾಚಿಕೆಪಡುವುದು ಏನೂ ಇಲ್ಲ. ತನ್ನ ನಿಜವಾದ ತಂದೆಯನ್ನು ಬಿಟ್ಟು ಇನ್ನೊಬ್ಬನ ವಂಶಕ್ಕೆ ಸೇರಿದವನೆಂದು ಹೇಳಿಕೊಳ್ಳುವುದನ್ನು ಹದೀಸ್‌ಗಳು ಕಠಿಣವಾಗಿ ನಿಷೇಧಿಸಿವೆ.

ಎರಡನೆಯದಾಗಿ, ಅನಾಥ ಮಗುವನ್ನು ಮನೆಗೆ ತಂದು ಸಾಕುತ್ತಿರುವ ಕುಟುಂಬಗಳ ಬಗ್ಗೆ ನಮ್ಮ ಜಮಾಅತ್‌ಗಳಲ್ಲಿ ಪಿಸುಮಾತು ನಿಲ್ಲಬೇಕು. ಬಾಲನ್ಯಾಯ ಕಾಯಿದೆಯ ಅಡಿಯಲ್ಲಿ ಯಾವುದೇ ಧರ್ಮದವರೂ ದತ್ತು ಪಡೆಯಬಹುದೆಂದು 2014ರಲ್ಲಿ ಸುಪ್ರೀಮ್ ಕೋರ್ಟ್ ಹೇಳಿದೆ. ಶರೀಅತ್‌ನ ಪ್ರಕಾರ ಬಾಳಬಯಸುವವರು ಮಗುವಿನ ಹುಟ್ಟಿನ ವಂಶವನ್ನು ಮರೆಮಾಚದೆ ಸಾಕಬಹುದು. ವಾರಸುದಾರಿಕೆ ಇಲ್ಲದಿದ್ದರೂ ಆಸ್ತಿಯ ಮೂರನೆಯ ಒಂದು ಭಾಗದವರೆಗೆ ವಸಿಯ್ಯತ್ ಬರೆಯುವ ಅವಕಾಶವಿದೆ. ಬದುಕಿರುವಾಗಲೇ ದಾನವಾಗಿ ಕೊಡುವ ಅವಕಾಶವೂ ಇದೆ. ಅನಾಥರನ್ನು ಪೋಷಿಸುವವರು ಸ್ವರ್ಗದಲ್ಲಿ ತಮ್ಮೊಂದಿಗೆ ಇರುವರೆಂದು ಹೇಳುವಾಗ ಪ್ರವಾದಿಯವರು(ಸ) ಎರಡು ಬೆರಳುಗಳನ್ನು ಜೋಡಿಸಿ ತೋರಿಸಿದ್ದರು. ಮಗುವಿಗೆ ತನ್ನ ಹುಟ್ಟಿನ ಕಥೆ ಬೀದಿಯವರ ಬಾಯಿಂದ ತಿಳಿಯುವ ಮುನ್ನ ಸಾಕಿದವರ ಪ್ರೀತಿಯ ಬಾಯಿಂದಲೇ ತಿಳಿಯಲಿ.

ಮೂರನೆಯದಾಗಿ, ಹೆಮ್ಮೆ ಎಂಬ ಪದವನ್ನು ಎಚ್ಚರದಿಂದ ಬಳಸೋಣ. ವಂಶದ ಅಹಂಕಾರವನ್ನು ಪ್ರವಾದಿಯವರು(ಸ) ವಿದಾಯ ಭಾಷಣದಲ್ಲಿ ಅಳಿಸಿಹಾಕಿದರು; ಅರಬನಿಗೆ ಅರಬೇತರನ ಮೇಲೆ ತಕ್ವಾದ ಹೊರತು ಶ್ರೇಷ್ಠತೆಯಿಲ್ಲ. ಭಾಷೆಗಳ ಮತ್ತು ಬಣ್ಣಗಳ ವೈವಿಧ್ಯ ಅಲ್ಲಾಹನ ಕುರುಹು ಎಂದು ಸೂರಾ ಅರ್ರೂಮ್ (30: 22) ತಿಳಿಸುತ್ತದೆ. ಕುರುಹಿನ ಬಗ್ಗೆ ನಾಚಿಕೆ ಸಲ್ಲದು, ಅದರಿಂದ ಅಹಂಕಾರವೂ ಸಲ್ಲದು. ನಮಗೆ ಸಲ್ಲುವ ಹೆಮ್ಮೆಗೆ ನಮ್ಮ ದೀನ್ ಕೊಟ್ಟ ಹೆಸರು ಶುಕ್ರ್, ಅಂದರೆ ಕೃತಜ್ಞತೆ.

ಮುಂದಿನ ಸಲ ನಮ್ಮ ಮಗು ಅರ್ಜಿಯ ಆ ಕಲಂ ಎದುರು ತಡವರಿಸಿದಾಗ ಪಕ್ಕದಲ್ಲಿ ಕುಳಿತು ಶೈಮಾಳ ಕಥೆ ಹೇಳೋಣ. ದಖ್ಖನಿ ಎಂದು ಬರೆಯಲಿ, ಕನ್ನಡ ಎಂದು ಬರೆಯಲಿ, ಆದರೆ ಇನ್ನೊಂದನ್ನು ಮುಚ್ಚಿಡುವ ಅಗತ್ಯ ತನಗಿಲ್ಲವೆಂಬುದು ಅದಕ್ಕೆ ತಿಳಿದಿರಲಿ.

ಹಡೆದವರ ಹೆಸರನ್ನು ಉಳಿಸಿಕೊಳ್ಳುವ ಸತ್ಯವಂತಿಕೆಯನ್ನೂ ಸಾಕಿದವರ ಋಣವನ್ನು ನೆನೆಯುವ ಮನಸ್ಸನ್ನೂ ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.